ಹೋಟೆಲ್ ಚಾದ ಬಣ್ಣ

"ಬಣ್ಣ ಹೇಳು" ಅಂದರು ಮೇಸ್ತ್ರಿ.

ನಾನು ಪಾನಾ ತಿರುಗಿಸಿ ಕಾರಿನ ಎರಡನೇ ಸ್ಪಾರ್ಕ್ ಪ್ಲಗ್ ಬಿಚ್ಚಿದ್ದೆ. ಇಂಜಿನ್ ಇನ್ನೂ ಬಿಸಿ ಇತ್ತು. ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ನೋಡಿ, ಕರ್ರಗಿದೆ ಅಂದೆ.

"ಕರ್ರಗ ಅಂದ್ರ ಹೆಂಗ? ತಲಿಗೂದಲ ಕರ್ರಗೋ, ಹಂಚಿನ ತಳ ಕರ್ರಗೋ?"

ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ.

"ಎಣ್ಣಿ ಹಚ್ಚಿದ ತಲಿ ಮಿಂಚ್ತೈತಿ. ಹಂಚಿನ ತಳ ಮಿಂಚಂಗಿಲ್ಲ. ಮಿಂಚಿದ್ರ ಇಂಜಿನ್ ಆಯಿಲ್ ಕುಡ್ಯಾಕತ್ತೈತಿ. ಮಿಂಚಲಿಲ್ಲ ಅಂದ್ರ ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ. ಕಣ್ಣೈತಲ್ಲ ನಿನಗ, ನೋಡಿ ಹೇಳು."

ಹಂಚಿನ ತಳ ಅಂದೆ. ಸರಿ ಅಂದು ಮೂರನೇದಕ್ಕೆ ಕೈ ಚಾಚಿದರು.

ಅವರಿಗೆ ಬಣ್ಣ ಕಾಣುತ್ತಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಆಮೇಲೆ ತೆರೆದು ತೋರಿಸುವುದು ನನಗೆ ಬರುವುದಿಲ್ಲ. ನಾನು ಓದಿದ್ದು ಏಳನೇ ತರಗತಿ, ಅದೂ ಪೂರ್ತಿ ಅಲ್ಲ.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಗಲ್ಲಿಯಲ್ಲಿ ಹಳೇ ಪೆಟ್ರೋಲ್ ಕಾರುಗಳನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಇವರು. ಹೋದ ತಿಂಗಳು ತೀರಿಕೊಂಡರು. ಪ್ಲಗ್ಗಿನ ಬಣ್ಣ ನೋಡಿ ಇಂಜಿನ್ನಿನ ಜಾತಕ ಹೇಳುತ್ತಾರೆ ಅಂತ ಅವರಿಗೆ ಹೆಸರಿತ್ತು. ಕೊನೆಯ ನಾಲ್ಕು ವರ್ಷ ಆ ಬಣ್ಣ ನೋಡಿದ್ದು ನಾನು.

ಅವರ ಹೆಸರು ಬರೆಯುವುದಿಲ್ಲ. ಅವರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಬಂದವರನ್ನು ಊರಿನ ಹೆಸರಿನಿಂದ ಕರೆಯುತ್ತಿದ್ದರು. ನಾನು ಕುರುಗೋಡು. ಇನ್ನೊಬ್ಬರು ಹೊಸಪೇಟೆ. ಮತ್ತೊಬ್ಬರು ಗುಂತಕಲ್. ಮುಖ ಕಾಣದ್ದಕ್ಕೆ ಹೀಗೆ ಮಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ ಅಂತ ಅವರ ಹೆಂಡತಿ ಹೇಳಿದರು. ಮದುವೆಯಾದ ಹೊಸದರಲ್ಲೇ ತಮ್ಮನ್ನೂ ಆದೋನಿ ಅಂತ ಕರೆಯುತ್ತಿದ್ದರಂತೆ. ಈಗಲೂ ಹಾಗೇ ಕರೆಯುತ್ತಿದ್ದರು. "ಆದೋನಿ, ನೀರು ಕೊಡು" ಅಂದರೆ ಅವರು ನೀರು ತಂದು ಕೊಡುತ್ತಿದ್ದರು.

ನಾನು ಅವರ ಹತ್ತಿರ ಹೋಗಿದ್ದು ನನ್ನ ತಪ್ಪಿನಿಂದ.

ನನ್ನದು ಹಳೇ ಪೆಟ್ರೋಲ್ ಅಂಬಾಸಿಡರ್. ಸೋದರಮಾವನದು, ಅವನಿಗೆ ಬೇಡವಾಗಿ ನನಗೆ ಬಂತು. ಈಗ ಮದುವೆ ಮಾಡುವವರಿಗೆ ಹೊಸ ಕಾರು ಬೇಡ, ಹಳೇದೇ ಬೇಕು. ಹೂವು ಹಾಕಿ, ಹುಡುಗ ಹುಡುಗಿಯನ್ನು ಕೂರಿಸಿ, ಬಾಜಾದ ಹಿಂದೆ ನಡಿಗೆಯ ವೇಗದಲ್ಲಿ ಓಡಿಸಬೇಕು. ಅದೇ ನನ್ನ ಕೆಲಸ. ಒಂದು ಬೇಸಿಗೆಯಲ್ಲಿ ಗಾಡಿ ಮುಗ್ಗರಿಸತೊಡಗಿತು. ಬಿಸಿಲಿಗೆ ಇಂಜಿನ್ ಕಾಯುತ್ತಿದೆ ಅಂದುಕೊಂಡೆ. ಪ್ಲಗ್ಗಿನಲ್ಲಿ ಬಿಸಿ ಪ್ಲಗ್, ತಣ್ಣನೆ ಪ್ಲಗ್ ಅಂತ ಎರಡು ಜಾತಿ ಇವೆ ಅಂತ ಯಾರೋ ಹೇಳಿದ್ದರು. ಬ್ರೂಸ್‌ಪೇಟೆಯ ಅಂಗಡಿಗೆ ಹೋಗಿ ಇರೋದರಲ್ಲೇ ತಣ್ಣನೆಯ ಪ್ಲಗ್ ಕೊಡಿ ಅಂತ ಕೇಳಿದೆ. ಅಂಗಡಿಯವನು ಖುಷಿಯಿಂದ ಕೊಟ್ಟ. ಬಳ್ಳಾರಿಯಲ್ಲಿ ತಣ್ಣನೆಯದು ಅಂದರೆ ಏನು ಕೊಟ್ಟರೂ ಜನ ಕೊಳ್ಳುತ್ತಾರೆ.

ಗಾಡಿ ಮೊದಲಿಗಿಂತ ಕೆಟ್ಟಿತು. ಆಗ ಮೇಸ್ತ್ರಿ ಹತ್ತಿರ ಹೋದೆ. ಅವರು ಬೇವಿನ ಮರದ ಕೆಳಗೆ ಮುರಿದ ಕಾರಿನ ಸೀಟಿನ ಮೇಲೆ ಕೂತಿದ್ದರು. ತೆಳ್ಳಗಿನ ಉದ್ದ ಮನುಷ್ಯ. ತಲೆಗೆ ಟವೆಲ್, ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣ. ಬೀಡಿ ಸೇದುತ್ತಿರಲಿಲ್ಲ. ಬೆಂಕಿಪೊಟ್ಟಣ ಯಾಕೆ ಅಂತ ಆಮೇಲೆ ಗೊತ್ತಾಯಿತು. ನನ್ನ ಕಥೆಯನ್ನು ಪೂರ್ತಿ ಕೇಳಿದರು.

"ಬಿಸಿಲೈತಿ ಅಂತ ತಣ್ಣನ ಪ್ಲಗ್ ಹಾಕಿದೆಲಾ" ಅಂದರು. "ಮಜ್ಜಿಗಿ ಹಾಕ್ಬೇಕಿತ್ತು."

ನಗಲಿಲ್ಲ. ಅವರು ಯಾವತ್ತೂ ನಗುತ್ತಿರಲಿಲ್ಲ.

ಆಮೇಲೆ ವಿವರಿಸಿದರು. ಪ್ಲಗ್ ಇಂಜಿನ್ನನ್ನು ತಣ್ಣಗೆ ಮಾಡುವುದಿಲ್ಲ. ಪ್ಲಗ್ಗಿನ ತುದಿಯಲ್ಲಿ ಪಿಂಗಾಣಿಯ ಮೂಗು ಇರುತ್ತದೆ. ಆ ಮೂಗು ಉದ್ದ ಇದ್ದರೆ ಕಾವನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ, ಅದು ಬಿಸಿ ಪ್ಲಗ್. ಗಿಡ್ಡ ಇದ್ದರೆ ಕಾವನ್ನು ಬೇಗ ಬಿಟ್ಟುಬಿಡುತ್ತದೆ, ಅದು ತಣ್ಣನೆ ಪ್ಲಗ್. ಜೋರಾಗಿ ಓಡುವ ಗಾಡಿಗೆ ತಣ್ಣನೆಯದು ಬೇಕು, ಇಲ್ಲದಿದ್ದರೆ ಮೂಗು ಸುಟ್ಟು ಸುಣ್ಣವಾಗುತ್ತದೆ. ಮೆಲ್ಲಗೆ ಓಡುವ ಗಾಡಿಗೆ ಬಿಸಿಯದು ಬೇಕು, ಇಲ್ಲದಿದ್ದರೆ ಮೂಗಿನ ಮೇಲೆ ಮಸಿ ಕೂತು ಕಿಡಿ ಹಾರುವುದೇ ಇಲ್ಲ.

"ನಿನ್ನ ಗಾಡಿ ಏನ್ ಮಾಡ್ತೈತಿ?"

ಮೆರವಣಿಗೆ ಅಂದೆ.

"ಮತ್ತ? ಬಿಸಿಲು ಮ್ಯಾಲಿರ್ತೈತಿ, ಮಸಿ ಒಳಗಿರ್ತೈತಿ. ಊರು ನೋಡಿ ಪ್ಲಗ್ ಹಾಕಂಗಿಲ್ಲ, ಗಾಡಿ ದಗದ ನೋಡಿ ಹಾಕ್ಬೇಕು."

ಹಾಗಾದರೆ ನಂಬರ್ ನೋಡಿ ತರುತ್ತೇನೆ ಅಂದೆ. ನಂಬರನ್ನು ನಂಬಬೇಡ ಅಂದರು. ಒಂದು ಕಂಪನಿಯಲ್ಲಿ ನಂಬರ್ ದೊಡ್ಡದಾದಷ್ಟು ತಣ್ಣಗೆ, ಇನ್ನೊಂದರಲ್ಲಿ ದೊಡ್ಡದಾದಷ್ಟು ಬಿಸಿ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಂದು ಕಡ್ಡಿಯನ್ನು ಪ್ಲಗ್ಗಿನ ಬಾಯಿಯೊಳಗೆ, ಮೂಗಿನ ಪಕ್ಕದ ಸಂದಿಗೆ ಇಳಿಸಿದರು. ಕಡ್ಡಿ ಎಷ್ಟು ಆಳ ಹೋಯಿತು ಅಂತ ಉಗುರಿನಿಂದ ಹಿಡಿದು ನೋಡಿದರು. ಆಳ ಹೋದರೆ ಮೂಗು ಉದ್ದ, ಬಿಸಿ ಪ್ಲಗ್. ಅಲ್ಲೇ ನಿಂತರೆ ತಣ್ಣನೆಯದು.

"ನಂಬರ್ ಕಂಪನಿದು, ಕಡ್ಡಿ ನಂದು" ಅಂದರು.

ತಮ್ಮ ಡಬ್ಬಿಯಿಂದ ನಾಲ್ಕು ಬಿಸಿ ಪ್ಲಗ್ ತೆಗೆದು ಹಾಕಿಸಿದರು. ಗಾಡಿ ಸರಿಯಾಯಿತು.

ಆಮೇಲೆ ಪ್ರತಿ ಮಂಗಳವಾರ ಹೋಗತೊಡಗಿದೆ. ಮಂಗಳವಾರ ಮದುವೆ ಕಡಿಮೆ. ಕೆಲಸ ಕಲಿಯಬೇಕು ಅಂತೇನೂ ಇರಲಿಲ್ಲ. ಅವರು ಸುಮ್ಮನೆ ಮಾತಾಡುವವರಲ್ಲ, ನನಗೂ ಸುಮ್ಮನೆ ಮಾತಾಡುವವರನ್ನು ಕಂಡರೆ ಆಗುವುದಿಲ್ಲ. ಹೋದಾಗಲೆಲ್ಲ ಬಿಚ್ಚು ಅನ್ನುತ್ತಿದ್ದರು. ಬಿಚ್ಚುತ್ತಿದ್ದೆ. ಬಣ್ಣ ಹೇಳು ಅನ್ನುತ್ತಿದ್ದರು. ಹೇಳುತ್ತಿದ್ದೆ. ನನಗೆ ಕಲಿಸುತ್ತಿದ್ದಾರೆ ಅಂದುಕೊಂಡಿದ್ದೆ. ಗಾಡಿ ತಂದವರೂ ಹಾಗೇ ಅಂದುಕೊಂಡಿದ್ದರು.

ಅವರ ಕೈ ನೋಡುವಂತಿತ್ತು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದಿ ಎಷ್ಟಿರಬೇಕು ಅನ್ನುವುದಕ್ಕೆ ಕಬ್ಬಿಣ ಕೊಯ್ಯುವ ಒಂದು ಮುರಿದ ಆಕ್ಸಾ ಬ್ಲೇಡ್ ಇಟ್ಟುಕೊಂಡಿದ್ದರು. ಹಲ್ಲು ಸವೆಸಿ, ತೂತಿಗೆ ದಾರ ಕಟ್ಟಿ, ಅಂಗಿಯ ಗುಂಡಿಗೆ ಹಾಕಿದ್ದರು. ಬ್ಲೇಡ್ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು, ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗಬೇಕು. ಪ್ಲಗ್ಗಿನ ಥ್ರೆಡ್, ಅಂದರೆ ತಿರುಪಿನ ಭಾಗದ ಉದ್ದವನ್ನು ಕಿರುಬೆರಳಿನ ಗೆಣ್ಣಿಗೆ ಹಿಡಿದು ಅಳೆಯುತ್ತಿದ್ದರು. ಅದು ಉದ್ದವಾದರೆ ಒಳಗೆ ಪಿಸ್ಟನ್ ಬಂದು ಗುದ್ದುತ್ತದೆ. ಪ್ಲಗ್ಗುಗಳನ್ನು ತೆಲುಗಿನಲ್ಲಿ ಎಣಿಸುತ್ತಿದ್ದರು. ಒಕಟಿ, ರೆಂಡು, ಮೂಡು, ನಾಲುಗು. ಕೆಲಸ ಕಲಿತದ್ದು ಆದೋನಿಯಲ್ಲಂತೆ, ಹೆಂಡತಿಯೂ ಅಲ್ಲೇ ಸಿಕ್ಕಿದ್ದು. ಇಂಜಿನ್ನಿಗೆ ಕನ್ನಡ ತಿಳಿಯಂಗಿಲ್ಲ ಅನ್ನುತ್ತಿದ್ದರು.

ಹೀಗೆ ಎಲ್ಲಾ ಕೈಯಲ್ಲೇ ಆಗುತ್ತಿತ್ತು, ಬಣ್ಣ ಒಂದು ಬಿಟ್ಟು. ನನಗೆ ಅನುಮಾನ ಬಂತು. ನಾನು ಒಳ್ಳೆಯ ಹುಡುಗ ಏನಲ್ಲ. ಒಂದು ಮಂಗಳವಾರ ಮಸಿ ಹಿಡಿದ ಪ್ಲಗ್ ಬಿಚ್ಚಿ, ಸುಣ್ಣದಂತೆ ಬೆಳ್ಳಗಿದೆ ಅಂತ ಹೇಳಿ ಅವರ ಕೈಗಿಟ್ಟೆ.

ಅವರು ಹೆಬ್ಬೆರಳಿನಿಂದ ಮೂಗು ಸವರಿದರು. ಬೆರಳು ಮೂಸಿದರು. 

"ಸುಣ್ಣಕ್ಕ ಹೊಗಿ ವಾಸ್ನಿ ಯಾವಾಗಿಂದ ಬಂತಲೇ, ಕುರುಗೋಡು?"

ನಾನು ಪ್ಲಗ್ ವಾಪಸ್ ತಗೊಂಡೆ.

"ಗೊತ್ತಾತಲ್ಲ? ಬಾಯಿ ಮುಚ್ಚಿ ಮುಂದಿಂದು ಬಿಚ್ಚು."

ಬಿಚ್ಚಿದೆ. ಆಮೇಲೆ ಅವರೇ ಹೇಳಿದರು. ಶುಗರ್. ಕಣ್ಣಿನ ಹಿಂದಿನ ಪರದೆ ಹೋಗಿದೆ, ಆಪರೇಷನ್ ಮಾಡಿದರೂ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮನುಷ್ಯ ಬಂದಿದ್ದು ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರು ಕಾಣುತ್ತದೆ, ಅದರ ಬಣ್ಣ ಕಾಣುವುದಿಲ್ಲ. ಗೊತ್ತಿರುವುದು ಹೆಂಡತಿಗೆ ಮಾತ್ರ. ಇಷ್ಟು ಹೇಳುವಾಗ ಅವರ ಕೈಯಲ್ಲಿ ಸಕ್ಕರೆ ಹಾಕಿದ ಚಾದ ಫ್ಲಾಸ್ಕ್ ಇತ್ತು.

"ಬಣ್ಣ ನೋಡಿ ಹೇಳ್ತಾನ ಅಂತ ಹೆಸರು ನಂದು. ಕಾಣಂಗಿಲ್ಲ ಅಂತ ಗೊತ್ತಾದ್ರ ನಾಳೆ ಈ ಮರದ ಬುಡಕ್ಕ ಒಂದು ಗಾಡಿ ನಿಲ್ಲಂಗಿಲ್ಲ. ಮನ್ಯಾಗ ಕುಂತು ನಾ ಏನ್ ಮಾಡ್ಲಿ? ಆದೋನಿ ಮಾರಿ ನೋಡ್ಲಿ ಅಂದ್ರ ಅದೂ ಕಾಣಂಗಿಲ್ಲ."

ನಾನು ಯಾರಿಗೂ ಹೇಳುವುದಿಲ್ಲ ಅಂದೆ. ಹೇಳಲಿಲ್ಲ.

ಅಂದಿನಿಂದ ನಾವು ಬಣ್ಣಕ್ಕೆ ಒಂದು ಭಾಷೆ ಮಾಡಿಕೊಂಡೆವು. ನಾನು ಬ್ರೌನ್ ಅಂದರೆ ಅವರು ಒಪ್ಪುತ್ತಿರಲಿಲ್ಲ. ಬ್ರೌನ್ ಅನ್ನೋದು ಪ್ಯಾಂಟಿಗೆ ಅನ್ನುತ್ತಿದ್ದರು. ಅಡುಗೆ ಮನೆಯಲ್ಲಿರುವುದನ್ನು ಹೇಳು, ಅದು ನನ್ನ ತಲೆಯಲ್ಲಿ ಇನ್ನೂ ಕಾಣುತ್ತದೆ ಅಂದರು. ಹಂಚಿನ ತಳ ಅಂದರೆ ಮಸಿ, ಇನ್ನೂ ಬಿಸಿ ಪ್ಲಗ್ ಹಾಕಬೇಕು. ಸುಣ್ಣ ಅಂದರೆ ಸುಟ್ಟಿದೆ, ತಣ್ಣನೆಯದು ಹಾಕಬೇಕು. ಚಾ ಅಂದರೆ ಸರಿಯಾಗಿದೆ, ಅದೇ ಜಾತಿಯ ಪ್ಲಗ್ ಇರಲಿ. ಮೂರೇ ಮಾತು. ಎಲ್ಲರ ಮುಂದೆ ಹೇಳಬಹುದಿತ್ತು. ಗಾಡಿಯವರು ಕೇಳಿ, ಮೇಸ್ತ್ರಿ ಎಷ್ಟು ಚೆನ್ನಾಗಿ ಕಲಿಸುತ್ತಾರೆ ಅಂತ ತಲೆ ಆಡಿಸುತ್ತಿದ್ದರು.

ಚಾ ಅಂತ ನಾನು ಹೇಳಿದ ಎರಡು ಗಾಡಿ ವಾಪಸ್ ಬಂದವು. ಕಾರ್ಬುರೇಟರ್ ತೊಂದರೆ ಇರಬೇಕು ಅಂತ ಅದನ್ನು ಬಿಚ್ಚಿ ಹಾಕಿದರು. ಆಗ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿಯಲಿಲ್ಲ.

ತಿಳಿದಿದ್ದು ಸಿರುಗುಪ್ಪದಲ್ಲಿ, ಮದುವೆ ಮೆರವಣಿಗೆಯ ನಡುವೆ.

ಅಲ್ಲಿ ಅಕ್ಕಿ ಮಿಲ್ ಇರುವ ಸಾವ್ಕಾರರೊಬ್ಬರ ಮನೆಯಲ್ಲಿ ತಾತನ ಕಾಲದ ವಿಲಾಯತಿ ಕಾರಿತ್ತು. ಸಣ್ಣ ಕಾರು, ನಾಲ್ಕು ಸಿಲಿಂಡರ್. ಅವರ ಮಗಳು, ಆ ಕಾರಿನಲ್ಲೇ ಕಲ್ಯಾಣ ಮಂಟಪಕ್ಕೆ ಹೋಗುತ್ತೇನೆ, ಬೇರೆಯದರಲ್ಲಿ ಕೂರುವುದಿಲ್ಲ ಅಂದಿದ್ದಳು. ಸಾವ್ಕಾರರು ಕಾರನ್ನು ಬಳ್ಳಾರಿಗೆ ಓಡಿಸಿಕೊಂಡು ಬಂದರು. ಮೇಸ್ತ್ರಿ ಒಂದು ವಾರ ಕೆಲಸ ಮಾಡಿದರು. ಕೊನೆಗೆ ಪ್ಲಗ್ಗಿನ ಸರದಿ ಬಂತು. ಸಾವ್ಕಾರರು ಪಕ್ಕದಲ್ಲೇ ನಿಂತಿದ್ದರು.

ನಾನು ಬಿಚ್ಚಿದೆ. ಬಣ್ಣ ಕೇಳಿದರು. ಚಾ ಅಂದೆ.

ಅವರು ಪ್ಲಗ್ ಮೂಸಿದರು. ಮತ್ತೆ ಕೇಳಿದರು. "ಚಾ?"

"ಚಾ ರೀ, ಮೇಸ್ತ್ರಿ."

ಸ್ವಲ್ಪ ತಡೆದು, ಹಾಗಾದರೆ ಅದೇ ಜಾತಿಯ ಹೊಸವನ್ನು ಹಾಕು ಅಂದರು. ಹಾಕಿದೆ. ಮದುವೆಗೆ ನೀವು ಬರಲೇಬೇಕು, ದಾರಿಯಲ್ಲಿ ಏನಾದರೂ ಆದರೆ ನೋಡುವವರು ಯಾರೂ ಇಲ್ಲ ಅಂತ ಸಾವ್ಕಾರರು ಕೈ ಮುಗಿದರು. ಮೇಸ್ತ್ರಿ ಒಪ್ಪಿದರು.

ಮದುವೆ ದಿನ ಬೆಳಗ್ಗೆ ಮುಂದೆ ಬಾಜಾ. ಅದರ ಹಿಂದೆ ಹುಡುಗಿಯ ಕಾರು, ಓಡಿಸುತ್ತಿದ್ದವನು ಅವಳ ಅಣ್ಣ. ಅದರ ಹಿಂದೆ ನನ್ನ ಅಂಬಾಸಿಡರ್. ನನ್ನ ಪಕ್ಕ ಮೇಸ್ತ್ರಿ, ಹಿಂದಿನ ಸೀಟಿನಲ್ಲಿ ಮನೆಯ ಮೂವರು ಅಜ್ಜಿಯರು. ಮುಹೂರ್ತಕ್ಕೆ ಒಂದು ತಾಸು ಇತ್ತು. ಎಲ್ಲಾ ನಡಿಗೆಯ ವೇಗ. ಮೇಸ್ತ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದಿನ ಕಾರಿನ ಸದ್ದು ಕೇಳುತ್ತಿದ್ದರು.

"ಮೂರರ ಮ್ಯಾಲೆ ಓಡಾಕತ್ತೈತಿ" ಅಂದರು. ನಾಲ್ಕರಲ್ಲಿ ಒಂದು ಸಿಲಿಂಡರ್ ಸತ್ತಿದೆ ಅಂತ ಅರ್ಥ. ಸ್ವಲ್ಪ ದೂರ ಹೋದ ಮೇಲೆ "ಎರಡು" ಅಂದರು.  ಸಾವ್ಕಾರರ ಮಿಲ್ಲಿನ ಗೇಟಿನ ಎದುರಿಗೇ ಕಾರು ನಿಂತಿತು. ಬಾಜಾದವರಿಗೆ ಗೊತ್ತಾಗಲಿಲ್ಲ. ಬಾರಿಸಿಕೊಂಡು ಮುಂದಿನ ತಿರುವು ದಾಟಿ ಹೋದರು.

ಜನ ಸೇರಿದರು. ಸಾವ್ಕಾರರು ಓಡಿ ಬಂದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನೀವ ನೋಡಿ ಹೇಳ್ರಿ ಮೇಸ್ತ್ರಿ. ಏನಾಗೇತಿ?"

ನೂರು ಜನ ಮೇಸ್ತ್ರಿಯನ್ನೇ ನೋಡುತ್ತಿದ್ದರು. ನಾನು ಪ್ಲಗ್ ಬಿಚ್ಚಿದೆ. ಕೊಡುವಾಗ ಬೇಕಂತಲೇ ಜೋರಾಗಿ, ಹಂಚಿನ ತಳ ಆಗೇತಿ ಅಂದೆ. ಅವರು ಪ್ಲಗ್ಗನ್ನು ಬಿಸಿಲಿಗೆ ಎತ್ತಿ ಹಿಡಿದರು. ನೋಡುವವರಿಗೆ ನೋಡಿದಂತೆಯೇ ಕಂಡಿತು.

"ಆವತ್ತು ಚಾ ಅಂದಿ" ಅಂದರು, ಮೆಲ್ಲಗೆ.

ಆವತ್ತು ಚಾ ಬಣ್ಣವೇ ಇತ್ತು ಅಂದೆ. ಸುಳ್ಳಲ್ಲ.

ಅಷ್ಟರಲ್ಲಿ ಮಿಲ್ಲಿನೊಳಗಿಂದ ಯಾರೋ ಎಲ್ಲರಿಗೂ ಚಾ ತಂದರು. ಕಾರು ಕೆಟ್ಟು ನಿಂತಾಗ ಚಾ ಕೊಡುವುದು ದೊಡ್ಡ ಮನೆಯವರ ಪದ್ಧತಿ. ಒಂದು ಕಪ್ ನನ್ನ ಕೈಗೆ, ಒಂದು ಮೇಸ್ತ್ರಿ ಕೈಗೆ ಬಂತು. ನಾನು ಹೊರಗೆ ಚಾ ಕುಡಿಯುವವನಲ್ಲ. ಅವರ ಗಲ್ಲಿಯ ಹೋಟೆಲಿನಿಂದ ಎಷ್ಟೋ ಸಲ ಅವರಿಗೆ ಚಾ ತಂದು ಕೊಟ್ಟಿದ್ದೆ, ಫ್ಲಾಸ್ಕಿನಲ್ಲಿ. ಒಳಗೆ ಏನಿದೆ ಅಂತ ನೋಡಿರಲಿಲ್ಲ. ಈಗ ಕಪ್ಪಿನೊಳಗೆ ನೋಡಿ ಅಂದೆ, ಇದೇನು ಮೇಸ್ತ್ರಿ, ಚಾ ಅಂತ ಹಾಲು ಕೊಟ್ಟಿದ್ದಾರೆ.

ಅವರು ಒಂದು ಗುಟುಕು ಕುಡಿದರು. "ಇದು ಚಾ" ಅಂದರು. "ಏನ್ ಬಣ್ಣ ಐತಿ ಇದು?"

"ಹಾಲಿಗೆ ಸ್ವಲ್ಪ ಮಣ್ಣು ಕಲಸಿದಂಗ."

"ನಿಮ್ಮನ್ಯಾಗ ಚಾ ಹೆಂಗಿರ್ತೈತಿ?"

ಹೇಳಿದೆ. ನಮ್ಮವ್ವ ಚಾ ಪುಡಿ ಹಾಕಿ ನೀರು ಅರ್ಧ ಆಗುವವರೆಗೆ ಕುದಿಸುತ್ತಾಳೆ. ಬೆಲ್ಲ ಹಾಕುತ್ತಾಳೆ. ಹಾಲು ಹೆಸರಿಗೆ ಒಂದು ಚಮಚ. ಹುಟ್ಟಿದಾಗಿನಿಂದ ನಾನು ಕುಡಿದ ಚಾ ಅದೊಂದೇ. ಕರ್ರಗೆ, ಹುಣಸೆಹಣ್ಣಿನ ಹಾಗೆ.

ಮೇಸ್ತ್ರಿ ಚಾ ಕಪ್ಪನ್ನು ಕಾರಿನ ಮಡ್ಗಾರ್ಡಿನ ಮೇಲಿಟ್ಟರು.

"ಹೊಗಿ ವಾಸ್ನಿ ನನಗ ಬಂದಿತ್ತು ಆವತ್ತು" ಅಂದರು. "ನನ್ನ ಮೂಗು ಬಿಟ್ಟು ನಿನ್ನ ಬಾಯಿ ನಂಬಿದೆ. ಮೂರು ಮಾತಿನಾಗ ಒಂದು ನಿಮ್ಮವ್ವನ ಕಷಾಯ ಅಂತ ನನಗೇನ್ ಗೊತ್ತು."

ಜನಕ್ಕೆ ಏನೂ ತಿಳಿಯಲಿಲ್ಲ. ಇಬ್ಬರೂ ಚಾದ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಕಂಡಿತು. ಹುಡುಗಿ ಕಾರಿನ ಕಿಟಕಿಯಿಂದ, ಬಾಸಿಂಗ ಹಿಡಿದುಕೊಂಡು ಇಣುಕಿದಳು.

"ಮೇಸ್ತ್ರಿ, ನಾ ಇಳೀಲೋ, ಕುಂದರ್ಲೋ? ಒಂದು ಹೇಳ್ರಿ."

"ಕುಂದರವ್ವ" ಅಂದರು. ನನಗೆ, "ನಿನ್ನ ಗಾಡಿ ಬಾನೆಟ್ ಎತ್ತು" ಅಂದರು.

ನನ್ನ ಅಂಬಾಸಿಡರಿನ ನಾಲ್ಕು ಪ್ಲಗ್ ಬಿಚ್ಚಿದೆ. ಮೆರವಣಿಗೆಗೆ ಅಂತಲೇ ಅವರೇ ಆರಿಸಿದ ಬಿಸಿ ಪ್ಲಗ್ಗುಗಳು. ಕಡ್ಡಿ ಇಳಿಸಿ ಮೂಗಿನ ಉದ್ದ ನೋಡಿದರು. ಆ ಕಾರಿನ ಪ್ಲಗ್ ಪಕ್ಕದಲ್ಲಿ ಹಿಡಿದು ಕಿರುಬೆರಳಿನಿಂದ ಥ್ರೆಡ್ ಅಳೆದರು, ಎರಡೂ ಒಂದೇ. ಬ್ಲೇಡ್ ಹಾಕಿ ಸಂದಿ ನೋಡಿದರು. ಒಕಟಿ, ರೆಂಡು, ಮೂಡು, ನಾಲುಗು ಅಂತ ಒಂದೊಂದೇ ಕೊಟ್ಟರು. ನಾನು ಹಾಕಿದೆ. ನನ್ನ ಗಾಡಿಯಲ್ಲಿ ಪ್ಲಗ್ ಇಲ್ಲದ್ದರಿಂದ ಅಜ್ಜಿಯರು ಇಳಿಯಬೇಕಾಯಿತು.

"ಒಂದು ಗಾಡಿ ಕೆಟ್ಟಿತ್ತು, ಎರಡು ಮಾಡಿದ್ರೆಪಾ" ಅಂತ ಒಬ್ಬ ಅಜ್ಜಿ ಹೇಳಿ ಬಿಸಿಲಿನಲ್ಲಿ ನಡೆಯತೊಡಗಿದರು.

ಕಾರು ಒಂದೇ ಸಲಕ್ಕೆ ಶುರುವಾಯಿತು. ಮೇಸ್ತ್ರಿ ತಲೆ ಬಗ್ಗಿಸಿ ಸದ್ದು ಕೇಳಿ "ನಾಲುಗು" ಅಂದರು. ಜನ ಹೋ ಅಂದರು. ಸಾವ್ಕಾರರು ಅವರ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಇವನು ಹಾಕಿದ ಪ್ಲಗ್ಗಿನಿಂದ ಹೀಗಾಯಿತಲ್ಲವಾ ಅಂದರು. ಆಗ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ತಪ್ಪು ನಂದ್ರಿ ಸಾವ್ಕಾರ್ರ. ನನಗ ಕಣ್ಣು ಹೋಗಿ ಮೂರು ವರ್ಷ ಆತು. ಬಣ್ಣ ಕಾಣಂಗಿಲ್ಲ. ಇಂವ ನೋಡಿ ಹೇಳ್ತಾನ, ನಾ ಕೇಳಿ ಆರಿಸ್ತೀನಿ. ಆವತ್ತು ಇಂವ ಒಂದು ಹೇಳ್ದ, ನಾ ಒಂದು ತಿಳ್ಕೊಂಡೆ."

 ಯಾರಿಗೂ ತಿಳಿಯಬಾರದು ಅಂತ ಅಷ್ಟು ದಿನ ಕಾಯ್ದಿದ್ದನ್ನು ಅವರೇ ಮಿಲ್ಲಿನ ಗೇಟಿನ ಎದುರು ನೂರು ಜನಕ್ಕೆ ಹೇಳಿಬಿಟ್ಟರು.

 ಸಾವ್ಕಾರರು ನಕ್ಕರು. ಎಲ್ಲರೂ ನಕ್ಕರು.

"ಹುಡುಗನ ತಪ್ಪು ಮುಚ್ಚಾಕ ನಿಮ್ಮ ಕಣ್ಣ ಹೋತು ಅಂತೀರಲ್ರೀ" ಅಂದರು ಸಾವ್ಕಾರರು. "ಈಗ ನಮ್ಮ ಮುಂದ ಬಿಸಿಲಿಗೆ ಹಿಡಿದು ನೋಡಿದ್ರಿ."

ಮೇಸ್ತ್ರಿ ಮತ್ತೊಂದು ಸಲ ಹೇಳಿದರು, ಖರೇನೇ ಹೇಳ್ತೀನಿ ಅಂತ. ಇನ್ನೂ ಜೋರಾಗಿ ನಕ್ಕರು. ಅಷ್ಟರಲ್ಲಿ ಬಾಜಾದವರು ಹಿಂದೆ ಯಾರೂ ಇಲ್ಲ ಅಂತ ಗೊತ್ತಾಗಿ ವಾಪಸ್ ಬಂದರು. ಮೆರವಣಿಗೆ ಹೊರಟಿತು. ಮುಹೂರ್ತ ತಪ್ಪಲಿಲ್ಲ.

ಮಂಟಪದಲ್ಲಿ ಮೇಸ್ತ್ರಿಗೆ ಶಾಲು ಹೊದಿಸಿದರು. ಹಿರಿಯರೊಬ್ಬರು ಮೈಕ್ ಹಿಡಿದು, ಕಣ್ಣು ಇದ್ದರೆ ಇಂಥಾ ಕಣ್ಣು ಇರಬೇಕು ಅಂದರು. ಚಪ್ಪಾಳೆ ಬಿತ್ತು. ಮೇಸ್ತ್ರಿ ಕೆಳಗಿಳಿದು ಬಂದು ನನ್ನ ಪಕ್ಕ ಕೂತರು.

"ಶಾಲು ಏನ್ ಬಣ್ಣ?"

ಕೆಂಪು ಅಂದೆ.

"ಯಾವ ಕೆಂಪು?"

ಬ್ಯಾಡಗಿ ಮೆಣಸಿನಕಾಯಿ ಅಂದೆ. ತಲೆ ಆಡಿಸಿದರು. ಊಟ ಮಾಡಿದೆವು. ಊಟ ಚೆನ್ನಾಗಿತ್ತು.

ಮಧ್ಯಾಹ್ನ ನನ್ನ ಪ್ಲಗ್ ವಾಪಸ್ ಹಾಕಿಕೊಂಡು ಬಳ್ಳಾರಿಗೆ ಹೊರಟೆವು. ಗದ್ದೆಗಳು ಮುಗಿಯುವವರೆಗೆ ಅವರು ಇಂಜಿನ್ನಿನ ಸದ್ದು ಕೇಳುತ್ತಾ ಕೂತಿದ್ದರು. 

"ಬಾಯಿ ಮುಚ್ಕೊಂಡಿದ್ದಾಗ ನಂಬಿದ್ರು" ಅಂದರು ಆಮೇಲೆ. "ಬಾಯಿ ಬಿಟ್ರ ನಗ್ತಾರ. ಇದೇನ್ ಜನಾಪಾ."

ನೀವು ಯಾಕೆ ಹೇಳಿದಿರಿ ಅಂತ ಕೇಳಿದೆ.

"ನೀ ಬೈಸ್ಕೊಂತಿದ್ದಿ" ಅಂದರು. ಅಷ್ಟೇ.

ಬಳ್ಳಾರಿ ಮುಟ್ಟಿದ ಮೇಲೆ ನೇರ ಅವರ ಗಲ್ಲಿಯ ಹೋಟೆಲಿಗೆ ಕರೆದುಕೊಂಡು ಹೋದರು. ಒಂದು ಚಾ ತರಿಸಿ ನನ್ನ ಮುಂದಿಟ್ಟರು. ಫ್ಲಾಸ್ಕಿನಲ್ಲಲ್ಲ, ಗಾಜಿನ ಗ್ಲಾಸಿನಲ್ಲಿ. ಚೆನ್ನಾಗಿ ನೋಡು, ಚಾ ಅಂದರೆ ಇದು, ನಿಮ್ಮವ್ವ ಮಾಡುವುದಕ್ಕೆ ಬೇರೆ ಹೆಸರಿಡು ಅಂದರು. ಅವತ್ತಿನಿಂದ ಪ್ರತಿ ಮಂಗಳವಾರ ಮೊದಲು ಆ ಹೋಟೆಲಿನಲ್ಲಿ ಒಂದು ಚಾ ನೋಡಿ, ಕುಡಿದು, ಆಮೇಲೆ ಪ್ಲಗ್ ಬಿಚ್ಚುತ್ತಿದ್ದೆ. ನನಗೆ ಆ ಚಾ ಇವತ್ತಿಗೂ ಸೇರುವುದಿಲ್ಲ. ನಮ್ಮವ್ವನ ಚಾಕ್ಕೆ ಅವರೇ ಕುರುಗೋಡು ಅಂತ ಹೆಸರಿಟ್ಟರು. ಆ ಬಣ್ಣ ಇದ್ದರೆ ಮಸಿ ಕೂರತೊಡಗಿದೆ, ಸ್ವಲ್ಪ ಬಿಸಿ ಪ್ಲಗ್ ಹಾಕಬೇಕು. ನಮ್ಮ ಮೂರು ಮಾತು ನಾಲ್ಕಾದವು. ಹಂಚಿನ ತಳ, ಕುರುಗೋಡು, ಚಾ, ಸುಣ್ಣ. ಮತ್ತೆ ಗಾಡಿ ವಾಪಸ್ ಬರಲಿಲ್ಲ.

ಆಮೇಲೆ ಅವರು ಮುಚ್ಚಿಡುವುದನ್ನು ಬಿಟ್ಟುಬಿಟ್ಟರು. ಗಾಡಿ ತಂದ ಪ್ರತಿಯೊಬ್ಬರ ಹತ್ತಿರವೂ, ನನಗೆ ಕಣ್ಣು ಕಾಣಂಗಿಲ್ಲ, ಈ ಕುರುಗೋಡು ಹೇಳಿದಂಗ ಮಾಡ್ತೀನಿ, ಬೇಕಿದ್ರ ಬಿಡ್ರಿ ಅನ್ನುತ್ತಿದ್ದರು. ಒಬ್ಬರೂ ನಂಬಲಿಲ್ಲ. ಸಿರುಗುಪ್ಪದ ಕಥೆ ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿ ದೊಡ್ಡ ಮನಸ್ಸಿನವರು, ಕಲಿಯುವವನಿಗೆ ಹೆಸರು ಬರಲಿ ಅಂತ ಹಾಗೆ ಹೇಳುತ್ತಾರೆ ಅಂದರು. ಬೇವಿನ ಮರದ ಕೆಳಗೆ ಮೊದಲಿಗಿಂತ ಹೆಚ್ಚು ಗಾಡಿ ನಿಲ್ಲತೊಡಗಿದವು.

ಇದು ಅವರಿಗೆ ಸರಿ ಬರಲಿಲ್ಲ. ಒಂದು ದಿನ ಅಂದರು.

"ನಾ ಹೇಳಿದ್ರ ನಂಬಂಗಿಲ್ಲ. ಯಾವಾಗರ ನೀ ಹೇಳು. ಬಣ್ಣ ನೋಡಿದಾಂವ ಒಬ್ಬ ಇದ್ದ ಅಂತ ಗೊತ್ತಾಗ್ಲಿ."

ನನಗೆ ಬೇಡ ಅಂದೆ.

"ನಿನಗ ಬ್ಯಾಡ, ನನಗ ಬೇಕು. ಇನ್ನೊಬ್ಬರ ಕಣ್ಣು ಇಟ್ಕೊಂಡು ಸಾಯಬಾರ್ದು."

ಮೇಸ್ತ್ರಿಯ ಮಣ್ಣಿಗೆ ಹೋದಾಗ ಹೇಳಿದೆ. ಹೊಸಪೇಟೆಯವರು, ಗುಂತಕಲ್ಲಿನವರು, ಸಾವ್ಕಾರರು ಎಲ್ಲರೂ ಬಂದಿದ್ದರು. ಎಂಥಾ ಕಣ್ಣು, ದಾನ ಮಾಡಬೇಕಿತ್ತು ಅಂತ ಒಬ್ಬರು ಅನ್ನುತ್ತಿದ್ದರು. ಮೇಸ್ತ್ರಿಗೆ ಬಣ್ಣ ಕಾಣುತ್ತಿರಲಿಲ್ಲ, ನೋಡುತ್ತಿದ್ದವನು ನಾನು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸತ್ತವರ ಮೇಲೆ ಹೀಗೆ ಹೇಳಬಾರದು ತಮ್ಮಾ ಅಂದರು. ಸಾವ್ಕಾರರು, ಹುಡುಗ ದುಃಖದಲ್ಲಿದ್ದಾನೆ, ಬಿಡ್ರಿ ಅಂತ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಮೇಸ್ತ್ರಿಯ ಹೆಂಡತಿ ಆದೋನಿಯಮ್ಮ ಕೇಳಿಸಿಕೊಂಡರು. ಹೊರಡುವಾಗ ದಾರ ಕಟ್ಟಿದ ಬ್ಲೇಡನ್ನು ತಂದು ನನ್ನ ಕೈಗಿಟ್ಟರು.

ಬಾಯಿಂದ ಹೇಳಿದ್ದನ್ನು ನಂಬಲಿಲ್ಲ. ಅದಕ್ಕೆ ಬರೆದಿದ್ದೇನೆ. ನೀವು ನಂಬುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳು ಅಂದಿದ್ದರು, ಹೇಳಿದ್ದೇನೆ.

ನಿನ್ನೆ ಮಂಗಳವಾರ. ಕುರುಗೋಡಿನಲ್ಲಿ ಮನೆ ಮುಂದೆ ಗಾಡಿಯ ಪ್ಲಗ್ ಬಿಚ್ಚಿ ನೋಡಿದೆ. ನಾಲ್ಕೂ ಚಾ. ಹೋಟೆಲ್ ಚಾ. ಬ್ಲೇಡ್ ಹಾಕಿ ಸಂದಿ ನೋಡಿ ವಾಪಸ್ ಹಾಕಿದೆ.

ಇನ್ನು ನನ್ನ ಹತ್ತಿರ ಹೇಳುವುದು ಏನೂ ಇಲ್ಲ.